ಮ್ಯೂಸಿಕ್ ಆಫ್ ಮಾಡಿ ಸೀನ್ ನೋಡ್ರಿ

ಭಾಗ 1/8

ಒಂದು ಸೀನ್ ಹೇಳ್ತೀನಿ. ನೀವು ನೂರು ಸಲ ನೋಡಿರೋದೇ.

ಹುಡುಗಿ ಬಸ್ ಸ್ಟಾಪಲ್ಲಿ ನಿಂತಿದಾಳೆ. ಹುಡುಗ ಆ ಕಡೆ ಟೀ ಅಂಗಡಿ ಹತ್ರ ಬೈಕ್ ಮೇಲೆ ಕೂತು ನೋಡ್ತಿದಾನೆ. ಅವಳು ಬಸ್ ಹತ್ತಿದ್ರೆ ಇವನು ಬಸ್ಸಿನ ಹಿಂದೆ. ಇಳಿದ್ರೆ ಅವಳ ಹಿಂದೆ. ಮನೆ ಎಲ್ಲಿ ಅಂತ ಪತ್ತೆ ಮಾಡ್ತಾನೆ. ರೀಚಾರ್ಜ್ ಅಂಗಡಿಯವನ ಹತ್ರ ನಂಬರ್ ಇಸ್ಕೊಳ್ತಾನೆ. ರಾತ್ರಿ ಹನ್ನೊಂದು ಗಂಟೆಗೆ ಫೋನು. "ಯಾರು?" ಅಂತಾಳೆ. ಆ ಕಡೆಯಿಂದ ಮಾತಿಲ್ಲ.

ಈಗ ಹೇಳ್ರಿ, ಇದು ಲವ್ ಸ್ಟೋರಿನಾ, ಥ್ರಿಲ್ಲರಾ?

ಗೊತ್ತಾಗಲ್ಲ. ಯಾಕಂದ್ರೆ ನಾನಿನ್ನೂ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಹೇಳಿಲ್ಲ. ಕೊಳಲು ಊದಿದ್ರೆ ಲವ್. ಡ್ರಮ್ ಬಡಿದ್ರೆ ಥ್ರಿಲ್ಲರ್. ಮಾಡಿದ ಕೆಲಸ ಎರಡರಲ್ಲೂ ಒಂದೇ.

ಈಗೀಗ ಪೋಸ್ಟರ್ ಮೇಲೆ, ಟ್ರೈಲರ್ ಕೆಳಗೆ ಎಲ್ಲಾ ಕಡೆ ಒಂದು ಲೇಬಲ್ ಕಾಣುತ್ತೆ: ರೊಮ್ಯಾಂಟಿಕ್ ಕಾಮಿಡಿ ಥ್ರಿಲ್ಲರ್. ಮೊದಲರ್ಧ ನಗು, ಪ್ರೀತಿ. ಇಂಟರ್ವಲ್ಲಿಗೆ ಒಂದು ಕೊಲೆ, ಇಲ್ಲಾ ಒಂದು ಕಿಡ್ನಾಪ್. ಎರಡನೇ ಅರ್ಧ ಓಟ. ಈ ಜಾತಿ ಸಿನಿಮಾ ಅಂದ್ರೆ ನನಗೂ ಪ್ರಾಣ. ಅದಕ್ಕೇ ಈ ಜಗಳ.

ನನ್ನ ವಾದ ಸಿಂಪಲ್. ನಮ್ಮ ಬಹಳಷ್ಟು ಸಿನಿಮಾಗಳಲ್ಲಿ ಥ್ರಿಲ್ಲರ್ ಶುರುವಾಗೋದು ಇಂಟರ್ವಲ್ ಆದ್ಮೇಲೆ ಅಲ್ಲ, ಮೊದಲನೇ ಸೀನಲ್ಲೇ. ಅದನ್ನ ನಾವು ಕಾಮಿಡಿ ಅಂತ ನಗ್ತಾ ನೋಡ್ತಿದೀವಿ ಅಷ್ಟೇ. ಆ ನಗು ನಮ್ಮ ಬುಕ್ಕಾಪಟ್ಟಣದ ಬಸ್ ಸ್ಟ್ಯಾಂಡಿನವರೆಗೂ ಬಂದಿದೆ.

ಎಂಟು ಪೋಸ್ಟ್ ಇದೆ. ಓದಿ ಆಮೇಲೆ ಬೈಯ್ರಿ.

ಭಾಗ 2/8

ಮೊದಲು ಹಳೇ ಸಾಕ್ಷಿ.

1972ರ ನಾಗರಹಾವು. ಪುಟ್ಟಣ್ಣ ಕಣಗಾಲ್ ಸಿನಿಮಾ, ತ.ರಾ.ಸು. ಕಾದಂಬರಿ, ಪಕ್ಕದ ಚಿತ್ರದುರ್ಗದ ಕೋಟೆ. ಶಿರಾದಲ್ಲಿ ಹೈವೇ ಹಿಡಿದ್ರೆ ಸೀದಾ ಅಲ್ಲಿಗೇ ಹೋಗ್ತೀವಿ. ವಿಷ್ಣುವರ್ಧನ್ ಹೀರೋ ಆಗಿದ್ದು ಆ ಸಿನಿಮಾದಿಂದ. ಅಂಬರೀಷ್ ಮೊದಲು ಕಂಡಿದ್ದೂ ಅದರಲ್ಲೇ, ಜಲೀಲನಾಗಿ.

ಜಲೀಲ ಏನು ಮಾಡ್ತಾನೆ? ಅಲಮೇಲು ಅನ್ನೋ ಹುಡುಗಿ ದಾರಿಗೆ ಅಡ್ಡ ನಿಲ್ತಾನೆ. ಅವಳನ್ನ ಬುಲ್‌ಬುಲ್ ಅಂತ ಕರೀತಾನೆ. ಮಾತಾಡು ಮಾತಾಡು ಅಂತ ಕಾಡ್ತಾನೆ. ಅವಳಿಗೆ ಓಡಾಡೋಕೇ ಭಯ. ಅವಳ ಅಣ್ಣ ರಾಮಾಚಾರಿ ಹತ್ರ ಬಂದು, ಇವನ ಕಾಟ ತಪ್ಪಿಸು ಅಂತಾನೆ. ರಾಮಾಚಾರಿ ಜಲೀಲನಿಗೆ ಬಾರಿಸ್ತಾನೆ. ಪುಟ್ಟಣ್ಣನಿಗೆ ಯಾವ ಗೊಂದಲಾನೂ ಇರಲಿಲ್ಲ. ಹುಡುಗಿ ಹಿಂದೆ ಬೀಳೋನು ಪೀಡೆ, ಒದೆ ತಿನ್ನಬೇಕಾದೋನು. ಅಷ್ಟೇ.

ಆದ್ರೆ ನಮ್ಮೂರ ಆರ್ಕೆಸ್ಟ್ರಾ ಸ್ಟೇಜ್ ಮೇಲೆ ಮಿಮಿಕ್ರಿ ಮಾಡೋನು ಇವತ್ತು ಯಾವ ಡೈಲಾಗ್ ಹೊಡೀತಾನೆ? ಜಲೀಲಂದು. ಶಿಳ್ಳೆ ಯಾರಿಗೆ? ಜಲೀಲಂಗೆ. ಅಲಮೇಲು ಏನಂದ್ಲು ಅಂತ ಯಾರಿಗಾದ್ರೂ ನೆನಪಿದ್ಯಾ?

2013ರಲ್ಲಿ ಬುಲ್‌ಬುಲ್ ಅನ್ನೋ ಹೆಸರಲ್ಲೇ ಒಂದು ಸಿನಿಮಾ ಬಂತು. ದರ್ಶನ್ ಹೀರೋ, ರಚಿತಾ ರಾಮ್‌ಗೆ ಅದೇ ಮೊದಲನೇ ಸಿನಿಮಾ, ಅಂಬರೀಷ್ ಕೂಡ ಇದ್ರು. ಪ್ರೀತಿ, ತಮಾಷೆ, ಫ್ಯಾಮಿಲಿ ಎಲ್ಲಾ ಇರೋ ಸಿನಿಮಾ. ಅದರ ಕಥೆ ಮೇಲೆ ನನ್ನ ತಕರಾರಿಲ್ಲ. ಹೆಸರಿನ ಪ್ರಯಾಣ ಮಾತ್ರ ನೋಡ್ರಿ. 1972ರಲ್ಲಿ ಒಬ್ಬ ಹುಡುಗಿಯನ್ನ ಹೆದರಿಸೋಕೆ ವಿಲನ್ ಬಳಸಿದ ಪದ, ನಲವತ್ತು ವರ್ಷ ಆದ್ಮೇಲೆ ಲವ್ ಸ್ಟೋರಿಯ ಹೆಸರು.

ಪದ ಬದಲಾಗಿಲ್ಲ ಕಣ್ರೋ. ಅದನ್ನ ಕೇಳೋ ನಮ್ಮ ಕಿವಿ ಬದಲಾಗಿದೆ.

ಭಾಗ 3/8

ಎರಡನೇ ಸಾಕ್ಷಿ ಇನ್ನೂ ಗಟ್ಟಿ.

1993ರಲ್ಲಿ ಹಿಂದಿಯಲ್ಲಿ ಡರ್ ಬಂತು. ಶಾರುಖ್ ಖಾನ್ ಒಬ್ಬ ಹುಡುಗಿಯ ಹಿಂದೆ ಬೀಳ್ತಾನೆ, ಫೋನ್ ಮಾಡಿ ಕಾಡ್ತಾನೆ, ಅವಳ ಬದುಕನ್ನೇ ನರಕ ಮಾಡ್ತಾನೆ. ಸಿನಿಮಾದ ಹೆಸರಿನ ಅರ್ಥಾನೇ ಭಯ. ಅದನ್ನೇ 2000ದಲ್ಲಿ ಕನ್ನಡಕ್ಕೆ ತಂದ್ರು. ಶಿವಣ್ಣ ಹೀರೋ, ಸೋನಾಲಿ ಬೇಂದ್ರೆ ಹೀರೋಯಿನ್, ಹಿಂದೆ ಬೀಳೋ ಹುಚ್ಚನ ಪಾತ್ರ ಉಪೇಂದ್ರಂದು. ಕನ್ನಡದಲ್ಲಿ ಅದರ ಹೆಸರು ಏನು ಗೊತ್ತಾ?

ಪ್ರೀತ್ಸೆ.

ಒಂದ್ನಿಮಿಷ ನಿಂತು ಯೋಚನೆ ಮಾಡ್ರಿ. ಅದೇ ಕಥೆ. ಹಿಂದಿಯಲ್ಲಿ ಹೆಸರು "ಭಯ", ಅಂದ್ರೆ ಹುಡುಗಿ ಕಡೆಯಿಂದ ಇಟ್ಟ ಹೆಸರು. ಕನ್ನಡದಲ್ಲಿ ಹೆಸರು "ಪ್ರೀತ್ಸೆ", ಅಂದ್ರೆ ಅವನ ಬಾಯಿಂದ ಬರೋ ಮಾತು. ಅವಳಿಗೆ ಏನಾಯ್ತು ಅನ್ನೋದು ಪೋಸ್ಟರ್ ಮೇಲಿಂದಾನೇ ಮಾಯ. ಅವನಿಗೆ ಏನು ಬೇಕೋ ಅದೇ ಟೈಟಲ್ಲು.

ಉಪೇಂದ್ರ ಅದ್ಭುತವಾಗಿ ಮಾಡಿದ್ರು, ಅದರಲ್ಲಿ ಎರಡು ಮಾತಿಲ್ಲ. ಹೆದರಿಸಬೇಕಾದ ಪಾತ್ರದಲ್ಲಿ ಹೆದರಿಸಿದ್ರು. ತಪ್ಪು ನಟಂದಲ್ಲ. ಇವತ್ತು ಆ ಸಿನಿಮಾದ ತುಣುಕು ರೀಲ್ಸಲ್ಲಿ ಬಂದ್ರೆ ಕೆಳಗೆ ಹಾರ್ಟ್ ಇಮೋಜಿ ಹಾಕೋರು ನಾವು. "ಪ್ರೀತ್ಸಿದ್ರೆ ಹಿಂಗ್ ಪ್ರೀತ್ಸಬೇಕು ಮಗಾ" ಅಂತ ಬರೆಯೋರು ನಾವು.

ಹಿಂಗಾ? ಹೆಂಗೆ? ಆ ಹುಡುಗಿ ಜಾಗದಲ್ಲಿ ನಿಮ್ಮ ತಂಗಿ ಇದ್ರೆ ಅಂತ ನಾನು ಕೇಳಲ್ಲ. ಆ ಪ್ರಶ್ನೆ ಹಳಸಿದೆ. ಬೇರೆ ಪ್ರಶ್ನೆ ಕೇಳ್ತೀನಿ. ರಾತ್ರಿಯೆಲ್ಲಾ ನಿಮಗೆ ಅನ್‌ನೋನ್ ನಂಬರಿಂದ ಫೋನ್ ಬರ್ತಾ ಇದ್ದು, ನೀವು ಎಲ್ಲೆಲ್ಲಿ ಹೋದ್ರಿ, ಯಾವ ಬಣ್ಣದ ಶರ್ಟ್ ಹಾಕಿದ್ರಿ ಅಂತೆಲ್ಲಾ ಆ ಕಡೆಯವನು ಹೇಳಿದ್ರೆ ನಿಮಗೆ ನಿದ್ದೆ ಬರುತ್ತಾ?

ಬರಲ್ಲ. ಅದೇ ಉತ್ತರ.

ಭಾಗ 4/8

"ಹಂಗಾದ್ರೆ ಲವ್ವು, ಥ್ರಿಲ್ಲರ್ರು ಸೇರಿಸ್ಲೇಬಾರ್ದಾ?" ಸೇರಿಸ್ಬೇಕು. ಸೇರಿಸೋಕೆ ಬರಬೇಕು.

2017ರ ಜುಲೈನಲ್ಲಿ ಆಪರೇಷನ್ ಅಲಮೇಲಮ್ಮ ಬಂತು. ನಿರ್ದೇಶನ ಸುನಿ, ಅದೇ ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ ಮಾಡಿದವರು. ರಿಷಿ ಹೀರೋ, ಶ್ರದ್ಧಾ ಶ್ರೀನಾಥ್ ಹೀರೋಯಿನ್. ಹುಡುಗ ತರಕಾರಿ ಮಾರ್ಕೆಟ್ಟಿನೋನು, ಬ್ರ್ಯಾಂಡ್ ಬಟ್ಟೆ ಅಂದ್ರೆ ಹುಚ್ಚು. ಹುಡುಗಿ ಟೀಚರ್. ಈ ಕಡೆ ಇವರ ಪ್ರೀತಿ, ತಮಾಷೆ. ಆ ಕಡೆ ಒಂದು ಮಗುವಿನ ಕಿಡ್ನಾಪ್ ಕೇಸು. ಅನುಮಾನ ಬರೋದು ಇದೇ ಹುಡುಗನ ಮೇಲೆ. ಪೊಲೀಸ್ ಅಧಿಕಾರಿಯಾಗಿ ರಾಜೇಶ್ ನಟರಂಗ. ಮುಂದಿಂದು ಹೇಳಲ್ಲ, ನೋಡ್ರಿ.

ನಾನು ಹೇಳಬೇಕಿರೋದು ಕಥೆ ಅಲ್ಲ, ಕಟ್ಟಿರೋ ರೀತಿ. ಇಲ್ಲಿ ಕಾಮಿಡಿ ಮುಗಿಸಿ ಥ್ರಿಲ್ಲರ್ ಶುರು ಮಾಡಿಲ್ಲ. ಎರಡನ್ನೂ ಹೆಣೆದಿದಾರೆ. ಯಾಕೆ ಹೆಣೆಯೋಕೆ ಆಯ್ತು ಅಂದ್ರೆ ಎರಡರ ಪ್ರಶ್ನೆಯೂ ಒಂದೇ. ಪೊಲೀಸ್ ಕೇಳೋದು: "ಇವನನ್ನ ನಂಬಬಹುದಾ?" ಪ್ರೀತ್ಸೋ ಹುಡುಗಿ ಮನಸ್ಸಲ್ಲಿ ಕೇಳ್ಕೊಳ್ಳೋದೂ ಅದನ್ನೇ. ಥಿಯೇಟರಲ್ಲಿ ಕೂತ ನಾವೂ ಅದನ್ನೇ ಕೇಳ್ತೀವಿ. ಹೀರೋ ಅಂದ ತಕ್ಷಣ ಒಳ್ಳೆಯೋನು ಅಂತ ನಂಬೋ ನಮ್ಮ ಅಭ್ಯಾಸಕ್ಕೇ ಈ ಸಿನಿಮಾ ಕೈ ಹಾಕುತ್ತೆ. ಅವನು ತನ್ನ ಮೇಲಿನ ನಂಬಿಕೆ ಸಂಪಾದಿಸಬೇಕು. ಪುಕ್ಕಟೆ ಸಿಗಲ್ಲ.

ಇನ್ನೊಂದು ಮಾತು. ಅಲಮೇಲಮ್ಮ ಅಂದ್ರೆ ಯಾರು ನೆನಪಿದ್ಯಾ? ತಲಕಾಡಿನ ಶಾಪದ ಕಥೆ. ಒಡವೆಗೋಸ್ಕರ ಸೈನಿಕರು ಬೆನ್ನಟ್ಟಿದಾಗ ಮಾಲಂಗಿ ಹತ್ರ ಕಾವೇರಿಗೆ ಹಾರಿದ ರಾಣಿ ಅಂತ ಐತಿಹ್ಯ ಹೇಳುತ್ತೆ. ಬೆನ್ನಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಓಡಿದವಳ ಹೆಸರು ನಾನೂರು ವರ್ಷ ಆದ್ರೂ ಉಳಿದಿದೆ. ಚಿತ್ರದುರ್ಗದ ಅಲಮೇಲು ವಿಷಯದಲ್ಲಿ ನಾವು ಇದನ್ನ ಉಲ್ಟಾ ಮಾಡಿದೀವಿ. ಕಾಡಿದವನನ್ನ ನೆನಪಿಟ್ಕೊಂಡು ಕಾಡಿಸ್ಕೊಂಡವಳನ್ನ ಮರೆತಿದೀವಿ.

ಭಾಗ 5/8

ಈಗ ಸಿನಿಮಾ ಬಿಟ್ಟು ಊರಿಗೆ ಬರೋಣ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಹೆಣ್ಮಕ್ಕಳಿಗೆ ಸರ್ಕಾರಿ ಬಸ್ ಫ್ರೀ. "ದಿನಾ ಬಸ್ ಚಾರ್ಜಿಗೆ ಎಲ್ಲಿಂದ ತರೋದು" ಅಂತ ಹಿಂದೆ ಮುಂದೆ ನೋಡ್ತಿದ್ದ ಮನೆಯವರಿಗೆ ಆ ನೆಪ ತಪ್ಪಿತು. ನಮ್ಮ ಹೋಬಳಿಯಿಂದ ಶಿರಾಕ್ಕೆ, ಹುಳಿಯಾರಿಗೆ ಓದೋಕೆ ಹೋಗೋ ಹುಡುಗೀರಿಗೆ ಒಂದು ಬಾಗಿಲು ತೆಗೀತು.

ಆ ಬಾಗಿಲು ಮುಚ್ಚೋಕೆ ಏನು ಬೇಕು? ಒಬ್ಬ ಹುಡುಗ ಸಾಕು. ಕೆಟ್ಟೋನೇ ಆಗಬೇಕಿಲ್ಲ. ದಿನಾ ಅದೇ ಬಸ್ಸಿಗೆ ಕಾಯ್ತಾನೆ, ಸೀಟಿನ ಹಿಂದೆ ನಿಲ್ತಾನೆ, ಸ್ಟೇಟಸ್ಸಿಗೆ ಅವಳ ಹೆಸರಿನ ಮೊದಲ ಅಕ್ಷರ ಹಾಕ್ತಾನೆ. ಫ್ರೆಂಡ್ಸ್ ಅವಳನ್ನ ನೋಡಿದ ತಕ್ಷಣ ಇವನ ಹೆಸರು ಕೂಗ್ತಾರೆ. ಇವನಿಗೆ ಇದು ಮೊದಲರ್ಧ, ಕಾಮಿಡಿ, ಕೊಳಲು.

ಅವಳಿಗೆ? ಊರಲ್ಲಿ ಮಾತು ಹುಟ್ಟುತ್ತೆ. ಕೂಗಿದವರ ಬಗ್ಗೆ ಅಲ್ಲ, ಅವಳ ಬಗ್ಗೆ. "ಅವಳೂ ಏನೋ ನಕ್ಕಿರ್ಬೇಕು" ಅಂತಾರೆ. ಅಪ್ಪನ ಕಿವಿಗೆ ಬೀಳುತ್ತೆ. "ಓದಿದ್ದು ಸಾಕು, ಮನೇಲಿರು." ಫೋನ್ ಕಿತ್ಕೊಳ್ತಾರೆ. ಆಮೇಲೆ ಗಂಡು ನೋಡೋ ಕಾರ್ಯ. ಇವನ ಸಿನಿಮಾ ಇಂಟರ್ವಲ್ಲಿಗೂ ಬಂದಿಲ್ಲ, ಅವಳದು ಆಗಲೇ ಮುಗೀತು. ಇವನು ಎರಡು ದಿನ ಸ್ಯಾಡ್ ಸಾಂಗ್ ಹಾಕಿ ಮುಂದಿನ ಸೆಮಿಸ್ಟರ್ ಬರೀತಾನೆ.

ನಮ್ಮ ಕಾಡಲ್ಲಿ ಚಿಂಕಾರ ಇದೆ. ಮನುಷ್ಯರ ಸುಳಿವು ಸಿಕ್ಕಿದ್ರೆ ಓಡಿಹೋಗೋ ಪುಕ್ಕಲು ಜಿಂಕೆ. ಅದಕ್ಕೋಸ್ಕರ 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮ ಅಂತ ಘೋಷಣೆ ಆಯ್ತು. ವನ್ಯಜೀವಿ ಧಾಮದೊಳಗೆ ಹೋಗಿ ಫೋಟೋ ತೆಗೀಬೇಕಂದ್ರೆ ಅರಣ್ಯ ಇಲಾಖೆ ಅನುಮತಿ ಬೇಕು, ಕಾನೂನೇ ಇದೆ. ಜಿಂಕೆ ಫೋಟೋಗೆ ಪರ್ಮಿಷನ್ ಬೇಕು ಅಂದ್ರೆ ನಮಗೆ ಅರ್ಥ ಆಗುತ್ತೆ. ಬಸ್ಸಲ್ಲಿ ಕೂತ ಹುಡುಗಿ ವಿಡಿಯೋ ತೆಗೆದು "ಕ್ರಷ್" ಅಂತ ಹಾಕೋಕೆ ಮಾತ್ರ ಯಾರ ಪರ್ಮಿಷನ್ನೂ ಬೇಡ್ವಾ?

ಭಾಗ 6/8

"ಇದೆಲ್ಲಾ ಸೆಂಟಿಮೆಂಟ್ ಗುರು" ಅನ್ನೋರಿಗೆ ಈಗ ಕಾನೂನು. ಇದನ್ನ ಸೇವ್ ಮಾಡ್ಕೊಳ್ರಿ.

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಘಟನೆ ಆದ್ಮೇಲೆ 2013ರಲ್ಲಿ ಕಾನೂನು ತಿದ್ದುಪಡಿ ಮಾಡಿದ್ರು. ಬೆನ್ನು ಬೀಳೋದು ಅನ್ನೋದೇ ಒಂದು ಬೇರೆ ಅಪರಾಧ ಆಯ್ತು. ಆಗ ಅದು ಐಪಿಸಿ 354ಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 78ನೇ ಸೆಕ್ಷನ್.

ಏನು ಹೇಳುತ್ತೆ? ಇಷ್ಟ ಇಲ್ಲ ಅಂತ ಒಬ್ಬ ಹೆಣ್ಣು ಸ್ಪಷ್ಟವಾಗಿ ತೋರಿಸಿದ ಮೇಲೂ ಸಲುಗೆ ಬೆಳೆಸೋಕೆ ಪದೇ ಪದೇ ಹಿಂದೆ ಹೋಗೋದು, ಸಂಪರ್ಕ ಮಾಡೋದು, ಮಾಡೋಕೆ ಪ್ರಯತ್ನ ಪಡೋದು ಅಪರಾಧ. ಅವಳು ಇಂಟರ್ನೆಟ್ಟಲ್ಲಿ, ಫೋನಲ್ಲಿ ಏನು ಮಾಡ್ತಾಳೆ ಅಂತ ಕಣ್ಣಿಟ್ಟು ಕಾಯೋದೂ ಅಪರಾಧ. ಮೊದಲ ಸಲ ಸಾಬೀತಾದ್ರೆ 3 ವರ್ಷದವರೆಗೆ ಜೈಲು, ದಂಡ. ಮತ್ತೆ ಮಾಡಿದ್ರೆ 5 ವರ್ಷದವರೆಗೆ, ಆಗ ಜಾಮೀನು ಹಕ್ಕಾಗಿ ಸಿಗಲ್ಲ.

ಹುಡುಗಿಗೆ 18 ಆಗಿಲ್ಲ ಅಂದ್ರೆ, ಅಂದ್ರೆ ಪಿಯುಸಿಯ ಬಹುಪಾಲು ಹುಡುಗೀರು, ಅಲ್ಲಿ 2012ರ ಪೋಕ್ಸೋ ಕಾಯ್ದೆ ಬರುತ್ತೆ. ಲೈಂಗಿಕ ಉದ್ದೇಶದಿಂದ ಮಗುವನ್ನ ಪದೇ ಪದೇ ಹಿಂಬಾಲಿಸೋದು, ನೋಡ್ತಾ ಇರೋದು, ನೇರವಾಗಿ ಇಲ್ಲಾ ಫೋನಲ್ಲಿ ಸಂಪರ್ಕ ಮಾಡೋದು ಅದರಲ್ಲಿ ಲೈಂಗಿಕ ಕಿರುಕುಳ.

ಈಗ ಒಂದನೇ ಪೋಸ್ಟಿನ ಸೀನ್ ಮತ್ತೆ ಓದ್ರಿ. ಅವಳು ಒಂದ್ಸಲ ಬೇಡ ಅಂದಿದ್ರೆ ಅದರ ಮುಂದಿನ ಪ್ರತಿ ಶಾಟೂ ಎಫ್‌ಐಆರ್ ಆಗುತ್ತೆ. ಕೊಳಲಿನ ಮ್ಯೂಸಿಕ್ ಸ್ಟೇಷನ್ನಲ್ಲಿ ಕೇಳಿಸಲ್ಲ.

ಹುಡುಗೀರೇ, 112 ತುರ್ತು ನಂಬರ್. 181 ಮಹಿಳಾ ಸಹಾಯವಾಣಿ. 18ರ ಒಳಗಿನವರಿಗೆ 1098. ಮೆಸೇಜ್ ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ರಿ. ಮನೇಲಿ ಹೇಳೋಕೆ ಭಯ ಇದ್ರೆ ನಂಬಿಕೆ ಇರೋ ಒಬ್ಬ ಮೇಡಂ ಹತ್ರ, ಇಲ್ಲಾ ಅಕ್ಕನ ಹತ್ರ ಹೇಳ್ರಿ. ನಿಮ್ಮ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ.

ಭಾಗ 7/8

ನೀವು ಕೇಳೋ ಪ್ರಶ್ನೆಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

"ಸಿನಿಮಾ ನೋಡಿ ಯಾರೂ ಕೆಡಲ್ಲ." ಕೊಲೆ ಸೀನ್ ನೋಡಿ ಯಾರೂ ಕೊಲೆ ಮಾಡಲ್ಲ, ಒಪ್ತೀನಿ. ಯಾಕಂದ್ರೆ ಕೊಲೆ ತಪ್ಪು ಅಂತ ಮನೆಯಲ್ಲಿ, ಸ್ಕೂಲಲ್ಲಿ, ಎಲ್ಲಾ ಕಡೆ ಹೇಳಿಕೊಟ್ಟಿದಾರೆ. ಪ್ರೀತಿ ಹೆಂಗೆ ಮಾಡೋದು ಅಂತ ನಮಗೆ ಯಾರು ಹೇಳಿಕೊಟ್ರು? ಮನೆಯಲ್ಲಿ ಆ ಮಾತೇ ಇಲ್ಲ. ಪಾಠದಲ್ಲಿ ಇಲ್ಲ. ಇರೋ ಒಂದೇ ಮೇಷ್ಟ್ರು ಸಿನಿಮಾ. ಒಬ್ಬನೇ ಮೇಷ್ಟ್ರು ಇರೋ ಸ್ಕೂಲಲ್ಲಿ ಆ ಮೇಷ್ಟ್ರು ಹೇಳಿದ್ದೇ ಪಾಠ.

"ಹುಡುಗೀರಿಗೂ ಅದೇ ಇಷ್ಟ, ಮೊದಲು ಬೇಡ ಅಂತಾರೆ ಆಮೇಲೆ ಒಪ್ತಾರೆ." ಇದನ್ನ ಹುಡುಗಿ ಹೇಳಿದ್ದು ಕೇಳಿದೀರಾ, ಇಲ್ಲಾ ಹೀರೋನ ಫ್ರೆಂಡ್ ಪಾತ್ರದ ಕಾಮಿಡಿ ನಟ ಹೇಳಿದ್ದು ಕೇಳಿದೀರಾ? ಬೇಡ ಅಂದ್ರೆ ಬೇಡ. ಅವಳಿಗೆ ಮನಸ್ಸು ಬದಲಾದ್ರೆ ಬಂದು ಹೇಳೋಕೆ ಅವಳಿಗೂ ಬಾಯಿದೆ.

"ಹಂಗಾದ್ರೆ ನಮ್ಮಂಥ ಹಳ್ಳಿ ಹುಡುಗ್ರು ಪ್ರೀತ್ಸೋದು ಹೆಂಗೆ?" ಇದು ನಿಜವಾದ ಪ್ರಶ್ನೆ. ಇದಕ್ಕೆ ನಗಲ್ಲ. ಕ್ಲಾಸಲ್ಲಿ ಹುಡುಗರ ಸಾಲು ಬೇರೆ, ಹುಡುಗೀರ ಸಾಲು ಬೇರೆ. ಕಾರಿಡಾರಲ್ಲಿ ನೋಟ್ಸ್ ಕೇಳಿದ್ರೂ ಪೇರೆಂಟ್ಸ್ ಕರೆಸು ಅಂತಾರೆ. ಜಾತಿ ಬೇರೆ ಆದ್ರೆ ಮುಗೀತು. ಮಾತಾಡೋ ದಾರಿ ಎಲ್ಲಾ ಮುಚ್ಚಿ, ಹಿಂದೆ ಹೋಗೋ ದಾರಿ ಒಂದನ್ನೇ ಬಿಟ್ಟವರು ನಮ್ಮ ದೊಡ್ಡೋರು. ಅವರಿಗೂ ಈ ಪೋಸ್ಟ್ ಟ್ಯಾಗ್ ಮಾಡ್ರಿ. ಜೊತೆಯಲ್ಲಿ ಕೂತು ಓದೋಕೆ, ಜಗಳ ಆಡೋಕೆ, ನಗೋಕೆ ಬಿಟ್ರೆ ಅರ್ಧ ಹುಡುಗರಿಗೆ ಬೈಕ್ ಪೆಟ್ರೋಲ್ ಉಳಿಯುತ್ತೆ.

ಆದ್ರೆ ದಾರಿ ಮುಚ್ಚಿದ್ದು ಅವಳಲ್ಲ. ಅದರ ಬೆಲೆ ಅವಳ ಹತ್ರ ವಸೂಲಿ ಮಾಡಬೇಡಿ.

ಭಾಗ 8/8

ಕೊನೇ ಪೋಸ್ಟ್. ಮುಂದಿನ ಸಲ ಯಾವುದೇ ರೊಮ್ಯಾಂಟಿಕ್ ಕಾಮಿಡಿ ಥ್ರಿಲ್ಲರ್ ನೋಡುವಾಗ ಮೂರು ಪರೀಕ್ಷೆ ಮಾಡ್ರಿ.

ಒಂದು. ಲವ್ ಸೀನ್ ಬಂದಾಗ ಮೊಬೈಲ್ ಮ್ಯೂಟ್ ಮಾಡ್ರಿ. ಮ್ಯೂಸಿಕ್ ಇಲ್ಲದೆ ಬರೀ ಏನು ನಡೀತಿದೆ ಅಂತ ನೋಡ್ರಿ. ಆಗಲೂ ಮುದ್ದಾಗಿ ಕಂಡ್ರೆ ಅದು ಪ್ರೀತಿ. ಭಯ ಆದ್ರೆ ಡೈರೆಕ್ಟರ್ ನಿಮ್ಮನ್ನ ಕೊಳಲಲ್ಲಿ ಮೋಸ ಮಾಡಿದಾನೆ.

ಎರಡು. ಹೀರೋ ಮಾಡಿದ್ದನ್ನ ವಿಲನ್ ಕೈಲಿ ಮಾಡಿಸಿ ನೋಡ್ರಿ. ಅದೇ ಗೋಡೆ ಹಾರೋದು, ಅದೇ ಫೋನ್ ನಂಬರ್ ಕದಿಯೋದು, ಅದೇ ಕೈ ಹಿಡಿದು ಎಳೆಯೋದು. ವಿಲನ್ ಮಾಡಿದ್ರೆ ಒದೀಬೇಕು ಅನ್ಸಿದ್ರೆ ಹೀರೋಗೂ ಅದೇ ರೂಲ್ಸ್. ಪುಟ್ಟಣ್ಣನಿಗೆ 1972ರಲ್ಲೇ ಇದು ಗೊತ್ತಿತ್ತು.

ಮೂರು. ಕ್ಯಾಮೆರಾನ ಅವಳ ಸೀಟಲ್ಲಿ ಇಡ್ರಿ. ಅವಳಿಗೆ ಏನು ಕಾಣ್ತಿದೆ? ಇಷ್ಟ ಪಟ್ಟು ನೋಡ್ತಿರೋ ಒಬ್ಬ ಹುಡುಗನಾ, ಇಳಿಯೋ ಸ್ಟಾಪ್ ಬದಲಾಯಿಸಿದ್ರೂ ಬಿಡದ ಒಂದು ಬೈಕಾ? ಎರಡನೇ ಅರ್ಧದಲ್ಲಿ ಅವಳು ಕಥೇಲಿ ಇದಾಳಾ, ಇಲ್ಲಾ ಕುರ್ಚಿಗೆ ಕಟ್ಟಿಹಾಕಿ ಹೀರೋ ಬರೋವರೆಗೂ ಕಾಯಿಸಿದಾರಾ?

ಮೂರರಲ್ಲೂ ಪಾಸಾದ ಸಿನಿಮಾಗೆ ನಾನೇ ಟಿಕೆಟ್ ತಗೊಂಡು ಹೋಗ್ತೀನಿ, ನಿಮ್ಮನ್ನೂ ಕರ್ಕೊಂಡು. ಅಂಥವು ಬಂದಾಗ ಥಿಯೇಟರಿಗೆ ಹೋಗದೆ, ಆಮೇಲೆ ಫೋನಲ್ಲಿ ಎರಡು ರೀಲ್ ನೋಡಿ "ಕನ್ನಡದಲ್ಲಿ ಒಳ್ಳೆ ಸಿನಿಮಾ ಬರಲ್ಲ" ಅನ್ನೋದನ್ನೂ ನಿಲ್ಲಿಸೋಣ.

ಹುಡುಗ್ರೇ, ನಿಮಗೆ ಒಂದೇ ಕೆಲಸ. ಮುಂದಿನ ಸಲ ಗುಂಪಲ್ಲಿ ಯಾರೋ ಬಸ್ ಕಡೆ ನೋಡಿ ಹೆಸರು ಕೂಗಿದಾಗ ನಗಬೇಡಿ. "ಸುಮ್ನಿರೋ" ಅನ್ನಿ. ಅಷ್ಟು ಸಾಕು. ಕೂಗೋನಿಗೆ ಬೇಕಿರೋದು ಹುಡುಗಿ ಅಲ್ಲ, ನಿಮ್ಮ ನಗು. ಅದು ಸಿಗದಿದ್ರೆ ಅವನ ಸೀನ್ ಅಲ್ಲಿಗೇ ಕಟ್.

ಮೂರೂ ಪರೀಕ್ಷೇಲಿ ಪಾಸಾಗೋ ಕನ್ನಡ ಸಿನಿಮಾ ಯಾವ್ದು? ಕಾಮೆಂಟಲ್ಲಿ ಬರೀರಿ. ಫೇಲ್ ಆಗೋವನ್ನೂ ಬರೀರಿ, ನಿಮ್ಮ ಫೇವರಿಟ್ ಹೀರೋದೇ ಆದ್ರೂ ಪರ್ವಾಗಿಲ್ಲ. ಬೈಯೋರು ಡಿಎಂಗೆ ಬರಬೇಡಿ, ಇಲ್ಲೇ ಎಲ್ಲರ ಎದುರಿಗೆ ಬೈಯ್ರಿ. ಉತ್ತರ ಕೊಡ್ತೀನಿ.

#ಬುಕ್ಕಾಪಟ್ಟಣ #ಶಿರಾ #ಕನ್ನಡಸಿನಿಮಾ #ಆಪರೇಷನ್‌ಅಲಮೇಲಮ್ಮ #ಬೇಡಅಂದ್ರೆಬೇಡ